ಎರಡು ವರ್ಷದ ಮಗುವಿಗೆ ಈಜುಕೊಳ: ಕಲಿಯಬೇಕಾದವರು ಯಾರು?

ಎಪ್ರಿಲ್, ಮೇ ತಿಂಗಳ ರಜೆ ಬಂತೆಂದರೆ ಕರಾವಳಿಯ ಈಜುಕೊಳಗಳಲ್ಲಿ ಬೇಸಿಗೆ ಶಿಬಿರಗಳ ಗದ್ದಲ. ಹಿಂದೆ ಏಳೆಂಟು ವರ್ಷ ದಾಟಿದ ಮಕ್ಕಳನ್ನಷ್ಟೇ ಅಲ್ಲಿಗೆ ಕರೆತರುತ್ತಿದ್ದರು. ಈಚೆಗೆ ಒಂದೂವರೆ, ಎರಡು ವರ್ಷದ ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡು ಬಂದು, ಇವನನ್ನೂ ನೀರಿಗಿಳಿಸಬಹುದೇ ಎಂದು ಕೇಳುವ ಹೆತ್ತವರಿದ್ದಾರೆ. ದುಬೈ, ಟೊರಾಂಟೊ, ಲಂಡನ್‌ಗಳಲ್ಲಿ ನೆಲೆಸಿ ರಜೆಗೆ ಊರಿಗೆ ಬರುವ ನಮ್ಮ ಕುಟುಂಬಗಳಿಗೆ ಇದು ಹೊಸದಲ್ಲ. ಅಲ್ಲಿ ತಾಯಿ-ಮಗು ಜೊತೆಯಾಗಿ ನೀರಿಗಿಳಿಯುವ ತರಗತಿಗಳು ಸಾಮಾನ್ಯ. ಊರಿನ ಅಜ್ಜಿಗೆ ಮಾತ್ರ ಇದನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಶೀತವಾದೀತು, ಕಿವಿಗೆ ನೀರು ಹೋದೀತು, ಹೆದರಿಕೊಂಡೀತು ಎಂದು ಆಕೆ ತಡೆಯುತ್ತಾಳೆ. ಅಜ್ಜಿಯ ಭಯದಲ್ಲಿ ಅರ್ಧ ಸತ್ಯವಿದೆ, ಮಗ-ಸೊಸೆಯ ಉತ್ಸಾಹದಲ್ಲಿ ಇನ್ನರ್ಧ.

ಕರೆದೊಯ್ಯಬಹುದೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ವರ್ಷ ತುಂಬಿದ, ಆರೋಗ್ಯವಾಗಿರುವ ಮಗುವನ್ನು ಕರೆದೊಯ್ಯಬಹುದು. ಆದರೆ ಮಗು ಅಲ್ಲಿಂದ ಏನನ್ನು ಕಲಿತು ಬರುತ್ತದೆ, ಏನನ್ನು ಕಲಿತು ಬರುವುದಿಲ್ಲ ಎಂಬುದು ಸ್ಪಷ್ಟವಾಗಿರಬೇಕು. ಎರಡು ವರ್ಷದ ಮಗು ನೀರಿನ ಪರಿಚಯ ಮಾಡಿಕೊಳ್ಳುತ್ತದೆ, ಮುಖದ ಮೇಲೆ ನೀರು ಬಿದ್ದಾಗ ಉಸಿರು ಬಿಗಿಹಿಡಿಯಲು ಕಲಿಯುತ್ತದೆ, ಕೊಳದ ಅಂಚನ್ನು ಹಿಡಿದು ನೇತಾಡಲು ಕಲಿಯುತ್ತದೆ. ನೀರಿಗೆ ಬಿದ್ದರೆ ತನ್ನನ್ನು ತಾನು ಉಳಿಸಿಕೊಳ್ಳಲು ಕಲಿಯುವುದಿಲ್ಲ. ಈ ವ್ಯತ್ಯಾಸವನ್ನು ಮರೆತ ಮನೆಯಲ್ಲಿ ಈಜುಕೊಳದ ಪಾಠವೇ ಅಪಾಯಕ್ಕೆ ದಾರಿಯಾಗಬಹುದು. ನಮ್ಮ ಮಗುವಿಗೆ ನೀರಿನ ಅಭ್ಯಾಸವಿದೆ ಎಂದು ದೊಡ್ಡವರು ಸ್ವಲ್ಪ ಮೈಮರೆಯುತ್ತಾರೆ. ನೀರಿನ ಭಯ ಕಳೆದುಕೊಂಡ ಮಗು ತಾನಾಗಿಯೇ ತೋಟದ ಕೆರೆಯ ಕಡೆಗೆ ನಡೆಯುತ್ತದೆ.

ಮಕ್ಕಳ ವೈದ್ಯರ ಅಭಿಪ್ರಾಯವೂ ಈ ವಿಷಯದಲ್ಲಿ ಬದಲಾಗುತ್ತ ಬಂದಿದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2000ನೇ ಇಸವಿಯಲ್ಲಿ, ನಾಲ್ಕು ವರ್ಷ ತುಂಬುವ ಮುನ್ನ ಸಾಮಾನ್ಯವಾಗಿ ಮಕ್ಕಳು ಕ್ರಮಬದ್ಧ ಈಜು ತರಬೇತಿಗೆ ಸಿದ್ಧರಿರುವುದಿಲ್ಲ ಎಂದು ಹೇಳಿತ್ತು. 2009ರಲ್ಲಿ ಅಲ್ಲಿನ ಒಂದು ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು: ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ತರಬೇತಿ ಪಡೆದವರು ಮುಳುಗಿ ಸಾಯುವ ಸಂಭವ ಶೇ. 88ರಷ್ಟು ಕಡಿಮೆ ಕಂಡುಬಂತು. ಅಧ್ಯಯನಕ್ಕೆ ಸಿಕ್ಕ ಈ ವಯಸ್ಸಿನ ಮಕ್ಕಳ ಸಂಖ್ಯೆ ಕಡಿಮೆಯಾದ್ದರಿಂದ ಈ ಅಂಕಿಯನ್ನು ಹಾಗೆಯೇ ನಂಬಿ ಕೂರುವಂತಿಲ್ಲ. ಆದರೂ ಅಕಾಡೆಮಿ 2010ರಲ್ಲಿ ತನ್ನ ನಿಲುವನ್ನು ಸಡಿಲಿಸಿತು. 2019ರಲ್ಲಿ, ಒಂದು ವರ್ಷ ದಾಟಿದ ಅನೇಕ ಮಕ್ಕಳಿಗೆ ಈಜು ತರಬೇತಿಯಿಂದ ಪ್ರಯೋಜನವಿದೆ ಎಂದಿತು. ಜೊತೆಗೆ ಎರಡು ಮಾತು ಸೇರಿಸಿತು: ವರ್ಷದೊಳಗಿನ ಶಿಶುಗಳ ತರಗತಿಗಳಿಂದ ರಕ್ಷಣೆ ಸಿಗುತ್ತದೆ ಎನ್ನಲು ಆಧಾರವಿಲ್ಲ, ಯಾವ ತರಬೇತಿಯೂ ಮಗುವನ್ನು ಮುಳುಗದಂತೆ ಮಾಡಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನಮ್ಮಂಥ ದೇಶಗಳಿಗೆ ಇನ್ನೂ ಹತ್ತಿರದ್ದು. ಆರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಎನ್ನುತ್ತದೆ ಅದು. ಶಾಲೆಗೆ ಹೋಗದ ಎಳೆಯ ಮಕ್ಕಳ ವಿಷಯದಲ್ಲಿ ಅದು ಒತ್ತಿ ಹೇಳುವುದು ಈಜನ್ನಲ್ಲ, ಬೇಲಿಯನ್ನು ಮತ್ತು ನೀರಿನಿಂದ ದೂರದಲ್ಲಿ ಯಾರಾದರೂ ನೋಡಿಕೊಳ್ಳುವ ಒಂದು ಜಾಗವನ್ನು. ನಮ್ಮ ಹಿರಿಯರ ರೂಢಿಯೂ ಇದೇ ಆಗಿತ್ತಲ್ಲವೇ? ಕರಾವಳಿಯಲ್ಲಿ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ ಮಕ್ಕಳನ್ನು ಕೆರೆಗಿಳಿಸುತ್ತಿದ್ದುದು, ಬಯಲುಸೀಮೆಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸುತ್ತಿದ್ದುದು ಆರೇಳು ವರ್ಷ ದಾಟಿದ ಮೇಲೆ. ಅದಕ್ಕಿಂತ ಚಿಕ್ಕವರನ್ನು ಬಾವಿಕಟ್ಟೆಯ ಹತ್ತಿರವೂ ಬಿಡುತ್ತಿರಲಿಲ್ಲ.

ಕೊಳದಲ್ಲಿ ಏನೇನು ನೋಡಬೇಕು

ಮಂಗಳೂರಿನಲ್ಲಿ ಲೇಡಿಹಿಲ್‌ನ ಮಂಗಳಾ ಈಜುಕೊಳ ಹಳೆಯದು, ಮಹಾನಗರ ಪಾಲಿಕೆಯದು. 2023ರ ನವೆಂಬರ್‌ನಲ್ಲಿ ಎಮ್ಮೆಕೆರೆಯ ಹೊಸ ಈಜುಕೊಳ ಉದ್ಘಾಟನೆಯಾಗಿ, ಆಗಲೇ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆಯೂ ಅಲ್ಲಿ ನಡೆಯಿತು. ದೊಡ್ಡ ಕೊಳದ ಜೊತೆಗೆ ಮಕ್ಕಳಿಗೆಂದೇ ಸಣ್ಣ ಕೊಳವೂ ಅಲ್ಲಿದೆ. ಉಡುಪಿಯಲ್ಲಿ ಅಜ್ಜರಕಾಡಿನ ಕೊಳವಿದೆ. ಹೊರಡುವ ಮೊದಲು ಒಂದು ಫೋನು ಮಾಡಿ ವಿಚಾರಿಸಿ. ಇಷ್ಟು ವಯಸ್ಸು ಅಥವಾ ಇಷ್ಟು ಎತ್ತರ ಇಲ್ಲದ ಮಕ್ಕಳನ್ನು ಕೆಲವು ಸಾರ್ವಜನಿಕ ಕೊಳಗಳು ಒಳಗೇ ಬಿಡುವುದಿಲ್ಲ; ಮಹಿಳೆಯರಿಗೆ ಪ್ರತ್ಯೇಕ ಸಮಯ ಇರಬಹುದು; ಟೋಪಿ ಮತ್ತು ಈಜುಡುಪು ಕಡ್ಡಾಯವಾಗಿರಬಹುದು.

ಆಳದ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್, ಅಂದರೆ ಮೂರಡಿಗೂ ಕಡಿಮೆ. ದೊಡ್ಡವರ ಕೊಳದಲ್ಲಿ ಆಳ ಕಡಿಮೆ ಇರುವ ತುದಿಯಲ್ಲೂ ನೀರು ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ. ಹಾಗಾಗಿ ಮಗುವಿನ ಪಾಲಿಗೆ ಅಲ್ಲಿ ಕಡಿಮೆ ಆಳ ಎಂಬುದೇ ಇಲ್ಲ. ಮಕ್ಕಳ ಕೊಳ ಇಲ್ಲದ ಕಡೆ, ಮಗು ಇಡೀ ಹೊತ್ತು ನಿಮ್ಮ ತೋಳಿನಲ್ಲೇ ಇರಬೇಕು.

ಅಂದರೆ ದೊಡ್ಡವರು ನೀರಿಗೆ ಇಳಿಯಲೇಬೇಕು. ನಮ್ಮಲ್ಲಿ ತೊಡಕಾಗುವುದು ಇಲ್ಲೇ. ತಾಯಿ ಸೀರೆಯಲ್ಲೋ ಚೂಡಿದಾರದಲ್ಲೋ ಕೊಳದ ಅಂಚಿನಲ್ಲಿ ಕುರ್ಚಿ ಹಾಕಿ ಕೂರುತ್ತಾಳೆ, ತಂದೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾನೆ, ಮಗುವನ್ನು ತರಬೇತುದಾರರ ಕೈಗೆ ಒಪ್ಪಿಸಿಬಿಡುತ್ತಾರೆ. ತರಬೇತುದಾರರ ಸುತ್ತ ಇನ್ನೂ ಹತ್ತು ಮಕ್ಕಳು. ಈ ವಯಸ್ಸಿನ ಮಗುವಿಗೆ ಬೇಕಾದದ್ದು ಕೈಗೆಟುಕುವ ದೂರದ ಕಾವಲು: ಕೈ ಚಾಚಿದರೆ ಮಗು ಮುಟ್ಟಬೇಕು, ಅಷ್ಟು ಹತ್ತಿರ. ಒಂದು ಮಗುವಿಗೆ ಒಬ್ಬರು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಹಾಗೆ ಇಳಿಯಲು ತಾಯಂದಿರಿಗೆ ಸಂಕೋಚವಾದರೆ ಮಹಿಳೆಯರ ಸಮಯದಲ್ಲಿ ಹೋಗಲಿ, ಇಲ್ಲವೇ ತಂದೆ ಇಳಿಯಲಿ. ಇಬ್ಬರೂ ಇಳಿಯುವುದಿಲ್ಲ ಎಂದಾದರೆ ಎರಡು ವರ್ಷದ ಮಗುವನ್ನು ಅಲ್ಲಿಗೆ ಒಯ್ಯಬೇಕಾದ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಜೀವರಕ್ಷಕ ಸಿಬ್ಬಂದಿ ಇದ್ದಾರಲ್ಲ ಎನ್ನಬೇಡಿ. ಅವರು ಇಡೀ ಕೊಳವನ್ನು ನೋಡುವವರು.

ತೋಳಿಗೆ ಹಾಕುವ ಗಾಳಿ ಚೀಲಗಳು, ಬಾತುಕೋಳಿ ಚಿತ್ರದ ಟ್ಯೂಬುಗಳು ಆಟಿಕೆಗಳು. ಗಾಳಿ ಇಳಿಯಬಹುದು, ಒದ್ದೆ ತೋಳಿನಿಂದ ಜಾರಬಹುದು, ಟ್ಯೂಬು ಮಗುಚಿದರೆ ಮಗುವಿನ ತಲೆ ಕೆಳಗಾಗಬಹುದು.

ನೀರನ್ನು ಪರೀಕ್ಷಿಸುವ ಸುಲಭ ವಿಧಾನ ಒಂದಿದೆ. ದಂಡೆಯಲ್ಲಿ ನಿಂತಾಗ ಕೊಳದ ಅತಿ ಆಳದ ತಳ, ಅಲ್ಲಿನ ನೀರು ಹೋಗುವ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ವಾಪಸು ಬನ್ನಿ. ಮಬ್ಬು ನೀರಿನಲ್ಲಿ ರೋಗಾಣುಗಳ ಭಯ ಒಂದಾದರೆ, ಮುಳುಗಿದವರು ಕಣ್ಣಿಗೆ ಬೀಳುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡದು. ಕಣ್ಣು ಉರಿಸುವ ಘಾಟು ವಾಸನೆ ಬಂದರೆ, ಆಹಾ ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ ಎಂದು ಸಮಾಧಾನಪಡುವವರುಂಟು. ನಿಜ ಅದಕ್ಕೆ ವಿರುದ್ಧ. ಕ್ಲೋರಿನ್ ಬೆವರು, ಮೂತ್ರಗಳೊಂದಿಗೆ ಕೂಡಿ ಹುಟ್ಟುವ ಕ್ಲೋರಮೈನ್ ಎಂಬ ವಸ್ತುವಿನ ವಾಸನೆ ಅದು. ಇಳಿಯುವ ಮೊದಲು ಸ್ನಾನ ಮಾಡಿ ಎಂದು ಬೋರ್ಡು ಬರೆದಿರುವುದು ಈ ಕಾರಣಕ್ಕೆ.

ಹಾಗೆಯೇ ಡೈಪರಿನ ವಿಷಯ. ಮಾಮೂಲಿ ಡೈಪರ್ ನೀರು ಕುಡಿದು ಊದಿಕೊಂಡು ಕೊಳದಲ್ಲೇ ಬಿಚ್ಚಿಕೊಳ್ಳುತ್ತದೆ. ಈಜಿಗೆಂದೇ ಬರುವ ಡೈಪರ್ ಗಟ್ಟಿಯಾದುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆಯೇ ಹೊರತು ಮೂತ್ರವನ್ನಾಗಲಿ ಭೇದಿಯನ್ನಾಗಲಿ ತಡೆಯುವುದಿಲ್ಲ. ಭೇದಿಯಾಗುತ್ತಿರುವ ಮಗುವನ್ನು ಖಂಡಿತ ಕರೆತರಬೇಡಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಅದರ ಸೋಂಕು ಎಂದು ವೈದ್ಯರು ಹೇಳಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ಕೊಳಕ್ಕೆ ಬರಬಾರದು. ಇದು ಪರರ ಮಕ್ಕಳ ಮೇಲಿನ ಕಾಳಜಿ.

ಸಮಯವೂ ಮುಖ್ಯ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಈ ವಯಸ್ಸಿಗೆ ಹಿತವಾದ ನೀರು ಸುಮಾರು 32 ಡಿಗ್ರಿಯದು. ನಮ್ಮ ತೆರೆದ ಕೊಳಗಳು ಬೆಳಗ್ಗೆ ಅದಕ್ಕಿಂತ ತಣ್ಣಗಿರುತ್ತವೆ. ಇಪ್ಪತ್ತು ನಿಮಿಷ ಸಾಕು. ತುಟಿ ನೀಲಿಯಾದರೆ, ಮೈ ನಡುಗಿದರೆ ಅಷ್ಟೂ ಬೇಡ. ಮಗು ಗಟಗಟ ನೀರು ಕುಡಿಯದಂತೆ ನೋಡಿಕೊಳ್ಳಿ. ಪದೇಪದೇ ಮುಳುಗಿಸಿ ಎಬ್ಬಿಸುವ ಆಟ ಬೇಡ. ಹೆಚ್ಚು ನೀರು ಹೊಟ್ಟೆಗೆ ಹೋದರೆ ಎಳೆಯ ಮಕ್ಕಳ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಳುವ ಮಗುವನ್ನು ಬಲವಂತದಿಂದ ಇಳಿಸಬೇಡಿ. ಮೊದಲ ದಿನ ದಂಡೆಯಲ್ಲಿ ಕೂತು ಕಾಲು ಅದ್ದಿ ಬಂದರೂ ಆಯಿತು.

ಧರ್ಮಕೇಂದ್ರಗಳ, ಸಂಘಗಳ ಪಿಕ್‌ನಿಕ್ ಏರ್ಪಡಿಸುವವರಿಗೂ ಒಂದು ಮಾತು. ಈಗ ಪಿಕ್‌ನಿಕ್ ಎಂದರೆ ಬಹುತೇಕ ಕೊಳವಿರುವ ರೆಸಾರ್ಟ್. 2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿಯ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಬೆಳೆದವರಿಗೇ ಹೀಗಾದರೆ ಎರಡು ವರ್ಷದ ಮಗುವಿನ ಮಾತೇನು? ನೂರು ಜನ ಸೇರಿದ ಕಡೆ ಎಲ್ಲರೂ ನೋಡುತ್ತಿದ್ದಾರೆ ಎಂದು ಎಲ್ಲರೂ ಭಾವಿಸುತ್ತಾರೆ, ಯಾರೂ ನೋಡುತ್ತಿರುವುದಿಲ್ಲ. ಊಟದ ಹೊತ್ತಿನಲ್ಲೂ ಕೊಳದ ಬಳಿ ನಿಲ್ಲುವವರ ಹೆಸರನ್ನು, ಅರ್ಧ ಗಂಟೆಗೊಬ್ಬರಂತೆ, ಬಸ್ಸು ಹೊರಡುವ ಮೊದಲೇ ಬರೆದಿಡಿ.

ಕೊಳವಿಲ್ಲದ ಊರಿನಲ್ಲಿ

ನಮ್ಮ ಓದುಗರಲ್ಲಿ ಕರಾವಳಿಯಿಂದ ಹೋಗಿ ಕಲಬುರಗಿ ಧರ್ಮಪ್ರಾಂತ್ಯದಲ್ಲಿ ಸೇವೆ ಮಾಡುತ್ತಿರುವ ಗುರುಗಳು, ಸಿಸ್ಟರುಗಳು, ಶಿಕ್ಷಕರು ಇದ್ದಾರೆ. ಅವರು ಇಷ್ಟನ್ನು ಓದಿ, ಇದೆಲ್ಲ ಪಟ್ಟಣದವರ ಮಾತು ಎನ್ನಬಹುದು. ಅಫಜಲಪುರ ತಾಲೂಕಿನ ಹವಳಗಾವನ್ನೇ ತೆಗೆದುಕೊಳ್ಳೋಣ. ಸಕ್ಕರೆ ಕಾರ್ಖಾನೆಯಿಂದಾಗಿ ಹೊರಗಿನವರಿಗೂ ಹೆಸರು ತಿಳಿದಿರುವ ಹಳ್ಳಿ. ಅಲ್ಲಿನ ಮಗುವಿಗೆ ಟಿಕೆಟ್, ಟೋಪಿ, ಜೀವರಕ್ಷಕರಿರುವ ಕೊಳ ಬೇಕೆಂದರೆ ಕಲಬುರಗಿ ನಗರದ ದಾರಿ ಹಿಡಿಯಬೇಕು. ಹಾಗೆಂದು ನೀರಿಲ್ಲವೇ? ಹೊಲದ ಬಾವಿ ಇದೆ, ಕೃಷಿ ಹೊಂಡ ಇದೆ, ತಾಲೂಕಿನ ಉದ್ದಕ್ಕೂ ಭೀಮಾ ನದಿ ಇದೆ, ಸೊನ್ನದಲ್ಲಿ ಬ್ಯಾರೇಜ್ ಇದೆ. ದೇವಲ ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮದ ಸ್ನಾನಕ್ಕೆ ಕಂಕುಳ ಕೂಸುಗಳೊಂದಿಗೆ ಬರುವ ಕುಟುಂಬಗಳಿಗೆ ಅದೇ ಸಾರ್ವಜನಿಕ ಕೊಳ. ನದಿಗೆ ಆಳದ ಬೋರ್ಡಿಲ್ಲ, ತಳ ಕಾಣುವುದಿಲ್ಲ. ಊರಿನಲ್ಲಿ ಹನಿ ಮಳೆ ಬೀಳದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮಾ ಏರುತ್ತದೆ. 2020ರ ಅಕ್ಟೋಬರ್‌ನ ಪ್ರವಾಹವನ್ನು ಆ ತಾಲೂಕಿನವರು ಮರೆತಿರಲಾರರು.

ಹಳ್ಳಿಯ ಎರಡು ವರ್ಷದ ಕೂಸಿಗೆ ಹೆಚ್ಚು ಹತ್ತಿರದ ಅಪಾಯ ಕೃಷಿ ಹೊಂಡ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿಯ ಜಿಲ್ಲೆಗಳಲ್ಲಿ ಸಾವಿರಾರು ಹೊಂಡಗಳಾದವು. ಬೆಳೆಗೆ ಅವು ವರ. ಆದರೆ ಇಳಿಜಾರಾದ ದಂಡೆಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದ ಮೇಲೆ ಎಣ್ಣೆ ಸವರಿದಂತಿರುತ್ತದೆ. ಈಜು ಬಲ್ಲ ಗಂಡಸೂ ಅದನ್ನು ಹಿಡಿದು ಮೇಲೆ ಬರಲಾರ. ಮಗುವಿನ ಹಿಂದೆ ಹಾರಿದ ತಾಯಿ, ಅವಳ ಹಿಂದೆ ಹಾರಿದ ತಂದೆ ಹೀಗೆ ಒಂದೇ ಹೊಂಡದಲ್ಲಿ ಮನೆಮಂದಿಯೆಲ್ಲ ಹೋಗುವುದು ಇದರಿಂದ. ಹೊಂಡದ ಸುತ್ತ ತಂತಿಬೇಲಿಗೂ ಯೋಜನೆಯಲ್ಲಿ ಸಹಾಯಧನವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಬೇಲಿ ಆಗುವವರೆಗೆ ನಾಲ್ಕೂ ಮೂಲೆಗೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಟ್ಟರೆ ಬಿದ್ದ ದೊಡ್ಡವರಿಗಾದರೂ ಹಿಡಿಯಲು ಏನೋ ಒಂದು ಸಿಗುತ್ತದೆ. ಕರಾವಳಿಯವರು ಬೀಗಬೇಕಿಲ್ಲ, ಕಲ್ಲು ತೆಗೆದು ಹಾಗೆಯೇ ಬಿಟ್ಟ ಕೆಂಪುಕಲ್ಲಿನ ಕೋರೆಗಳು ಮಳೆಗಾಲದಲ್ಲಿ ತುಂಬಿದಾಗ ನಮ್ಮಲ್ಲೂ ಇದೇ ಕಥೆ.

ಇನ್ನು ಮನೆಯೊಳಗೆ. ಎರಡು ವರ್ಷದ ಮಗುವಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಬಚ್ಚಲಿನ ಬಾಲ್ದಿಗೆ ಬಗ್ಗಿ ಮುಗ್ಗರಿಸಿದರೆ ತಲೆ ಎತ್ತಲಾಗುವುದಿಲ್ಲ. ನಾಲ್ಕು ಬೆರಳು ನೀರು ಸಾಕು. ಸದ್ದೂ ಆಗುವುದಿಲ್ಲ, ಮುಳುಗುವವರು ಕೈಬೀಸಿ ಕೂಗುವುದು ಸಿನಿಮಾದಲ್ಲಿ. ಬಾಂಗ್ಲಾದೇಶದಲ್ಲಿ ನಡೆದ ಅಧ್ಯಯನಗಳ ಪ್ರಕಾರ ಚಿಕ್ಕ ಮಕ್ಕಳ ಇಂಥ ಸಾವುಗಳು ಹೆಚ್ಚಾಗಿ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ನಡುವೆ ಆಗುತ್ತವೆ, ಅಂದರೆ ಮನೆಯ ದೊಡ್ಡವರೆಲ್ಲ ಕೆಲಸದಲ್ಲಿರುವಾಗ. ಅಲ್ಲಿನ ಹಳ್ಳಿಗಳಲ್ಲಿ ಆ ಹೊತ್ತಿಗೆ ಮಕ್ಕಳನ್ನು ಒಟ್ಟಿಗೆ ಕೂರಿಸಿ ನೋಡಿಕೊಳ್ಳುವ ಅಂಚಲ್ ಎಂಬ ಕೇಂದ್ರಗಳನ್ನು ತೆರೆದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ನಮ್ಮಲ್ಲಿ ಅಂಗನವಾಡಿಗಳಿವೆ, 2023-24ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಕೂಸಿನ ಮನೆ ಯೋಜನೆಯಡಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ ಆರೈಕೆ ಕೇಂದ್ರಗಳ ಯೋಚನೆ ಇತ್ತು. ಯಾರೂ ಇವನ್ನು ಈಜಿನ ವಿಷಯ ಎಂದು ಎಣಿಸಲಾರರು. ಆದರೆ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಬಂದು ಹೊಲದ ಬದುವಿನಲ್ಲಿ ಆಡುವ ಮಗುವಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಆಯಾ ಸಿಕ್ಕರೆ, ಮಂಗಳೂರಿನ ಮಗುವಿಗೆ ಕೊಳದಲ್ಲಿ ಸಿಗುವ ತೋಳಿನಷ್ಟೇ ಅದರ ಬೆಲೆ. ಸುಗ್ಗಿಯ ತಿಂಗಳುಗಳಲ್ಲಿ ಆ ಗ್ಯಾಂಗುಗಳ ಜೋಪಡಿಗಳಿಗೆ ಹೋಗಿಬರುವ ಸಿಸ್ಟರುಗಳು ಹತ್ತಿರದ ಕೇಂದ್ರ ತೆರೆದಿದೆಯೇ, ವಲಸೆ ಬಂದವರ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಪಂಚಾಯಿತಿಯಲ್ಲಿ ಕೇಳುವುದು ದೊಡ್ಡ ಉಪಕಾರ.

ಈ ಮಾತಿನ ತೂಕ ತಿಳಿಯಲು ಎರಡು ಅಂಕಿ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹತ್ತಿರಹತ್ತಿರ ಕಾಲು ಭಾಗ ಐದು ವರ್ಷದೊಳಗಿನವರು.

ನೀರಿನಿಂದ ಎತ್ತಿದ ಮೇಲೆ

ಕೊಳವಾಗಲಿ, ಹೊಂಡವಾಗಲಿ, ಮೊದಲ ಐದು ನಿಮಿಷ ಅಲ್ಲಿದ್ದವರ ಕೈಯಲ್ಲಿರುತ್ತದೆ. ನಮ್ಮಲ್ಲಿ ಆ ಹೊತ್ತು ಹಾಳಾಗುವ ರೀತಿ ಕಂಡರೆ ಸಂಕಟವಾಗುತ್ತದೆ. ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುತ್ತಾರೆ, ಹೊಟ್ಟೆ ಅದುಮುತ್ತಾರೆ, ಬೋರಲು ಹಾಕುತ್ತಾರೆ. ಇದರಿಂದ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕ್ಕೆ ಇಳಿಯುತ್ತದೆ, ಉಸಿರು ಕೊಡಬೇಕಾದ ಸಮಯ ಕಳೆಯುತ್ತದೆ. 2022ರಲ್ಲಿ ಬಳ್ಳಾರಿ ತಾಲೂಕಿನಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ, ಮುಳುಗಿ ತೀರಿಕೊಂಡ ಮಕ್ಕಳ ದೇಹವನ್ನು ಮೂಟೆಗಟ್ಟಲೆ ಉಪ್ಪಿನಲ್ಲಿ ಹೂತಿಟ್ಟು ಗಂಟೆಗಟ್ಟಲೆ ಕಾದ ಘಟನೆಗಳು ಪತ್ರಿಕೆಗಳಲ್ಲಿ ಬಂದವು. ಉಪ್ಪು ನೀರನ್ನು ಹೀರಿ ಜೀವ ತರುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡಿದ ಸುಳ್ಳನ್ನು ಆ ಹೆತ್ತವರು ನಂಬಿದ್ದರು. ಅವರನ್ನು ದೂರುವ ಮನಸ್ಸಾಗುವುದಿಲ್ಲ. ಸರಿಯಾದುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಸರಿಯಾದುದು ಇದು. ಕೂಗಿ ಜನ ಸೇರಿಸಿ, ಒಬ್ಬರಿಗೆ 108ಕ್ಕೆ ಕರೆ ಮಾಡಲು ಹೇಳಿ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಸ್ವಲ್ಪ ಎತ್ತಿ ಉಸಿರಿನ ದಾರಿ ತೆರೆಯಿರಿ. ಹತ್ತು ಸೆಕೆಂಡು ನೋಡಿ. ಉಸಿರಿಲ್ಲದಿದ್ದರೆ ಅಥವಾ ಬರೀ ಏದುಸಿರಾದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು, ಎದೆ ಏಳುವಷ್ಟು ಮೆಲ್ಲಗೆ, ಐದು ಸಲ ಉಸಿರು ಕೊಡಿ. ಮುಳುಗಿದವರಲ್ಲಿ ಮೊದಲು ಕೊರತೆಯಾಗುವುದು ಗಾಳಿ, ಆದ್ದರಿಂದ ಇಲ್ಲಿ ಉಸಿರೇ ಮೊದಲು. ಆಮೇಲೂ ಅಲುಗಾಡದಿದ್ದರೆ ಎದೆಯ ನಡುವೆ ಮೂಳೆಯ ಕೆಳಭಾಗದಲ್ಲಿ ಒಂದು ಅಂಗೈಯ ಬುಡವಿಟ್ಟು, ಎದೆಯ ದಪ್ಪದ ಮೂರರಲ್ಲೊಂದು ಭಾಗ ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಎರಡು ಉಸಿರು, ಮತ್ತೆ 30. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಓದಿದ ಮಾತ್ರಕ್ಕೆ ಕೈಗೆ ಬರುವ ವಿದ್ಯೆ ಇದಲ್ಲ. ರೆಡ್‌ಕ್ರಾಸ್‌ನವರನ್ನೋ ಹತ್ತಿರದ ಆಸ್ಪತ್ರೆಯವರನ್ನೋ ಚರ್ಚ್ ಸಭಾಂಗಣಕ್ಕೆ ಕರೆಸಿ, ಗೊಂಬೆಯ ಮೇಲೆ ಪ್ರತಿಯೊಬ್ಬರೂ ಒಮ್ಮೆ ಒತ್ತಿ ನೋಡುವಂತೆ ಮಾಡಬೇಕು. ಒಂದು ಸಂಜೆ ಸಾಕು.

ಮಗು ಕೆಮ್ಮಿ, ಅತ್ತು, ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರ ಉಲ್ಬಣಿಸಬಹುದು. ಆ ಹೊತ್ತಿಗೆ ಮಗು ಮನೆಯಲ್ಲಿರುವುದಕ್ಕಿಂತ ವೈದ್ಯರ ಕಣ್ಣೆದುರು ಇರುವುದು ಒಳ್ಳೆಯದು.